ಕಿತ್ತಳೆ ಬೆರೆತ ಕೆಂಪು

“ಬೆಳಗಿನ ಡೈಪರ್ ಬಿಸಾಕಿದ್ದು ಯಾರು?”

ನರ್ಸ್ ಕೇಳಿದ ರೀತಿಗೆ ವಾರ್ಡಿನ ಮೂವರು ಅಜ್ಜಿಯರು ತಂತಮ್ಮ ಮೊಮ್ಮಕ್ಕಳನ್ನು ಎದೆಗವಚಿಕೊಂಡರು. ಕಿಟಕಿ ಪಕ್ಕದ ಹಾಸಿಗೆಯ ಸೋದರಮಾವ ಮಾತ್ರ ಕ್ಲಾಸಿನಲ್ಲಿ ಸಿಕ್ಕಿಬಿದ್ದವನ ಹಾಗೆ ಕೈ ಎತ್ತಿದ.

“ನಾನೇ. ಗಲೀಜಾಗಿತ್ತು, ಅದಕ್ಕೆ...”

“ಆ ಗಲೀಜೇ ನಮಗೆ ಬೇಕಾಗಿರೋದು ಸ್ವಾಮಿ!”

ಇಪ್ಪತ್ತು ದಿನದ ಅವನ ಅಳಿಯನ ಮೂತ್ರಕೋಶದಲ್ಲಿ ರಕ್ತನಾಳಗಳ ಗಂಟೊಂದಿತ್ತು. ಕ್ಯಾನ್ಸರ್ ಅಲ್ಲ, ಆದರೆ ರಕ್ತ ಒಸರುತ್ತಿತ್ತು. ಗಂಟು ಕುಗ್ಗಲೆಂದು ದಿನಕ್ಕೆ ಮೂರು ಸಲ ಅಳೆದು ಅಳೆದು ಸಿರಪ್. ಕುಗ್ಗುತ್ತಿದೆಯೋ ಇಲ್ಲವೋ ಎಂಬುದಕ್ಕೆ ಡೈಪರುಗಳೇ ಸಾಕ್ಷಿ: ತೂಗಬೇಕು, ಬಣ್ಣ ಬರೆದಿಡಬೇಕು. ಶುಕ್ರವಾರದೊಳಗೆ ಕೆಂಪು ನಿಲ್ಲದಿದ್ದರೆ ಆಪರೇಷನ್. ಮೂತ್ರಕೋಶದ ಒಂದು ಭಾಗವನ್ನೇ ತೆಗೆಯುವುದು.

ಅಂದಿನಿಂದ ಆತ ಪ್ರತಿ ಡೈಪರನ್ನೂ ಕವರಿನಲ್ಲಿ ಕಟ್ಟಿ, ಮೇಲೆ ಗಂಟೆ ಬರೆದು, ಜೋಪಾನವಾಗಿ ಆ ನರ್ಸಿನ ಟೇಬಲಿಗೆ ತಲುಪಿಸತೊಡಗಿದ. ಹೂ ಒಯ್ದವರ ಕಥೆಗಳು ಬೇಕಾದಷ್ಟಿವೆ. ಇವನು ಒಯ್ದದ್ದು ಇದು.

ಅವನು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಅವಳು ಚಾರ್ಟಿನಲ್ಲಿ ‘ತಿಳಿಗೆಂಪು’ ಎಂದು ಬರೆದರೆ ಹೆಗಲ ಮೇಲಿಂದ ಇಣುಕಿ, “ನಿನ್ನೆಯದಕ್ಕಿಂತ ಎರಡು ಶೇಡ್ ಕಡಿಮೆ. ಅದನ್ನೂ ಬರ್ಕೊಳ್ಳಿ” ಎನ್ನುವನು.

“ನಾನು ನಿಮ್ಮ ಅಂಗಡಿಗೆ ಬಂದು ಇಂಜೆಕ್ಷನ್ ಕೊಡ್ತೀನಾ?”

“ಕೊಡಿ. ಗಿರಾಕಿಗಳು ತೆಪ್ಪಗಿರ್ತಾರೆ.”

ಅವಳು ನಗು ನುಂಗಿದಳು. ತುಟಿಯ ಮೂಲೆ ಮಾತ್ರ ಮಾತು ಕೇಳಲಿಲ್ಲ. ಅದನ್ನವನು ನೋಡಿದ, ನೋಡಿದ್ದನ್ನು ಅವಳೂ ನೋಡಿದಳು. ಮಗುವಿನ ಪಕ್ಕ ಹಾಸಿಗೆಯಲ್ಲಿದ್ದ ಅವನ ಅಕ್ಕ ಇಬ್ಬರನ್ನೂ ನೋಡಿ ಗೋಡೆ ಕಡೆ ಹೊರಳಿದಳು.

ಬುಧವಾರ, ಗುರುವಾರ ಡೈಪರಿನಲ್ಲಿ ಕೆಂಪಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಮತ್ತೆ ಕಲೆ.

ಅಕ್ಕ ಅಳತೊಡಗಿದಳು. ಸರ್ಜನ್ ಆಪರೇಷನ್ನಿನ ಒಪ್ಪಿಗೆ ಸಹಿಗೆ ಕಾಗದ ತರಿಸಿದರು. ಅವನು ಡೈಪರನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತೇ ಇದ್ದ.

“ಇದು ಆ ಕೆಂಪಲ್ಲ. ಇದರಲ್ಲಿ ಕಿತ್ತಳೆ ಇದೆ. ಮೇಲೆ ಪುಡಿ ಬೇರೆ ಕೂತಿದೆ, ನೋಡಿ.”

ಸರ್ಜನ್ ಹುಬ್ಬೇರಿಸಿದರು. ನರ್ಸ್ ರಕ್ತ ತಾಗಿದರೆ ಬಣ್ಣ ಬದಲಿಸುವ ಪರೀಕ್ಷೆಯ ಪಟ್ಟಿ ತಂದು ಒದ್ದೆ ಜಾಗಕ್ಕೆ ಒತ್ತಿದಳು. ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಿದಳು. ಪಟ್ಟಿಯ ಬಣ್ಣ ಬದಲಾಗಲಿಲ್ಲ.

“ರಕ್ತ ಇಲ್ಲ ಸರ್. ನಿನ್ನೆಯಿಂದ ಮಗು ಸರಿಯಾಗಿ ಹಾಲು ಕುಡಿದಿಲ್ಲ. ಮೂತ್ರ ಗಟ್ಟಿಯಾದಾಗ ಬರೋ ಹರಳಿನ ಪುಡಿ, ಅಷ್ಟೇ.”

ಸ್ಕ್ಯಾನ್ ಮಾಡಿಸಿದರು. ಗಂಟು ಅರ್ಧಕ್ಕಿಳಿದಿತ್ತು. ಕಾಗದ ಸಹಿಯಿಲ್ಲದೆ ವಾಪಸ್ ಹೋಯಿತು.

ಸೋಮವಾರ ಡಿಸ್ಚಾರ್ಜ್. ಅವಳು ಅವನಿಗೆ ವಿವರಿಸುತ್ತಿದ್ದಳು: “ಸಿರಪ್ ಇನ್ನೂ ಆರು ತಿಂಗಳು ಕೊಡಬೇಕು. ಹಾಲು ಕುಡಿಸದೆ ಕೊಡಬೇಡಿ, ಶುಗರ್ ಇಳಿಯುತ್ತೆ. ಎರಡು ವಾರಕ್ಕೊಮ್ಮೆ ಕರ್ಕೊಂಡ್ ಬನ್ನಿ.”

“ಅಕ್ಕ ಬರ್ತಾಳೆ. ನಾನು ಬರೋಕೆ ಇನ್ನೇನು ಕಾರಣ ಇದೆ?” ಅವನ ದನಿ ಸಣ್ಣದಾಗಿತ್ತು. “ಮಗು ಬೇಗ ಮನೆಗೆ ಬರಲಿ ಅಂತ ದಿನಾ ಬೇಡ್ಕೊಂಡೆ. ಇವತ್ತು ಹೊರಡೋದು ಅಂದ್ರೆ ಬೇಜಾರು. ನಾನೆಂಥ ಮಾವ ನೋಡಿ!”

ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

“ನನ್ನ ಡ್ಯೂಟಿ ನಾಲ್ಕಕ್ಕೆ ಮುಗಿಯುತ್ತೆ. ಮಗೂನ ಮನೆಗೆ ಬಿಟ್ಟು ಬನ್ನಿ,” ಎಂದಳು. “ಎಲ್ಲಿಗೆ ಅಂತ ಅಕ್ಕ ಕೇಳಿದ್ರೆ, ನಾನೇ ಕರೆದೆ ಅಂತ ಹೇಳಿ.”