ಹಗುರಪೀಠ ಕಲಿತ ಸಿಟ್ಟು

"ಏಳನೇ ಕ್ಲಾಸ ದಾಟದಾವ ನನಗ ವಿಜ್ಞಾನ ಕಲಸ್ತಿಯೇನ್ಲೇ? ಪುಸ್ತಕ ತಲಿಕೆಳಗ ಹಿಡದು ಓದೋ ಮಂಗ್ಯಾ!"

ಹಂಚಿನಮನಿ ಸರ್ ಈ ಮಾತು ಹೇಳಿದಾಗ ಅವರ ಮನೆಯ ಗ್ಯಾರೇಜಿನ ಮುಂದೆ ನಲವತ್ತು ಮಂದಿ ನಿಂತಿದ್ದರು. ನಲವತ್ತೂ ಮಂದಿ ನಕ್ಕರು. ಸರ್ ಅವರ ಕೋಚಿಂಗ್ ಕ್ಲಾಸಿನಲ್ಲಿ ಎರಡೆರಡು ಸಲ ನಪಾಸಾಗಿದ್ದ ಇಬ್ಬರು ಎಲ್ಲರಿಗಿಂತ ಜೋರಾಗಿ ನಕ್ಕರು. ಬೈಸಿಕೊಂಡವನು ಯಮನೂರ. ಕಾರೆತ್ತುವ ಯಂತ್ರಗಳನ್ನು ಮನೆಮನೆಗೆ ಕೂರಿಸುವ ಕೆಲಸಗಾರ, ವಯಸ್ಸು ಇಪ್ಪತ್ಮೂರು. ಅವನ ಕಿವಿ ಕೆಂಪಾದವು. ಕಾರು ನಿಂತಿದ್ದ ಪೀಠದ ಅಂಚಿಗೆ ಹತ್ತಿ ನಿಂತು ಗುಂಡಿ ಒತ್ತಿದ.

ಹಾಲು ಉಕ್ಕಿದಂತೆ, ಒಂದಿಷ್ಟೂ ಸದ್ದಿಲ್ಲದೆ, ಎರಡು ಟನ್ನಿನ ಕಾರು ಯಮನೂರನ ಸಮೇತ ಮೇಲಕ್ಕೆದ್ದಿತು. ಟೈರಿನ ಕೆಳಗಿಟ್ಟಿದ್ದ ಲಿಂಬೆಹಣ್ಣು ಕೂಡ ಅಪ್ಪಚ್ಚಿಯಾಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಸರ್ ಅವರ ಹೆಂಡತಿ ಗಂಗಕ್ಕ ಆರತಿ ಎತ್ತಿದರು.

ಅದು ೨೦೭೧ರ ಹುಬ್ಬಳ್ಳಿ. ರಸ್ತೆಯಲ್ಲಿ ಕಾರು ನಿಲ್ಲಿಸುವುದನ್ನು ಸರ್ಕಾರ ನಿಷೇಧಿಸಿ ಒಂಬತ್ತು ವರ್ಷಗಳಾಗಿದ್ದವು. ಮನೆಯೊಳಗೆ ಜಾಗ ತೋರಿಸಿದವರಿಗೆ ಮಾತ್ರ ಕಾರು. ಒಂದು ಕಾರಿನ ಜಾಗವಿದ್ದವರು ಒಂದರ ಮೇಲೆ ಇನ್ನೊಂದು ನಿಲ್ಲಿಸಬೇಕು, ಅಷ್ಟೇ. ಅದಕ್ಕೆಂದೇ ಧಾರವಾಡದ ಪ್ರಯೋಗಶಾಲೆಯಲ್ಲಿ ಡಾ. ಪ್ರಮೋದಿನಿ ಕಿತ್ತೂರ ಎಂಬ ವಿಜ್ಞಾನಿ ಹಗುರಪೀಠವನ್ನು ಕಂಡುಹಿಡಿದಿದ್ದರು. ಹಳೆಯ ಕಾಲದ ಲಿಫ್ಟು ಭಾರವನ್ನು ಎತ್ತುತ್ತಿತ್ತು. ಹಗುರಪೀಠ ಭಾರವನ್ನೇ ಕಳೆಯುತ್ತದೆ. ಪೀಠದ ನಡುವೆ ಅಂಗೈ ಅಗಲದ ಒಂದು ಹರಳು. ಅದರಿಂದ ಹೊಮ್ಮುವ, ತೂಕ ಕಳೆಯುವ ಅಲೆಗಳಲ್ಲಿ ಸಿಕ್ಕ ವಸ್ತು ಹತ್ತಿಯ ಹಂಜಿಯಷ್ಟು ಹಗುರವಾಗುತ್ತದೆ. ಮಿಕ್ಕದ್ದನ್ನು ಹೊಲಿಗೆ ಯಂತ್ರದಷ್ಟು ಸಣ್ಣದೊಂದು ಮೋಟಾರು ನೋಡಿಕೊಳ್ಳುತ್ತದೆ.

ಕಳ್ಳರ ಕಾಟಕ್ಕೂ ಆ ಹರಳೇ ಮದ್ದು. ಮೊದಲ ಸಲ ಮೇಲೇರುವಾಗ ಪೀಠ ತನ್ನ ಮೇಲಿನ ಹೊರೆಯ ತೂಕವನ್ನೂ ಅದರ ನಡುಕವನ್ನೂ ಗುರುತಿಟ್ಟುಕೊಳ್ಳುತ್ತದೆ. ಇದಕ್ಕೆ ಕಂಪನಗುರುತು ಎಂದು ಹೆಸರು. ಏರುವುದಕ್ಕೆ ಯಾರ ಅಪ್ಪಣೆಯೂ ಬೇಡ. ಇಳಿಯುವಾಗ ಮಾತ್ರ ಗುರುತು ತಾಳೆಯಾಗಬೇಕು. ಆದ್ದರಿಂದಲೇ ಕೈಪಿಡಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿದೆ: ಮೊದಲ ಏರಿಕೆಯಲ್ಲಿ ಪೀಠದ ಮೇಲೆ ಕಾರಿನ ಹೊರತು ಯಾರೂ ಇರಬಾರದು.

ಯಮನೂರ ಹೇಳಿದ್ದೂ ಅದನ್ನೇ. ಆದರೆ ಹಂಚಿನಮನಿಯವರ ಮನೆತನದಲ್ಲಿ ಒಂದು ಪದ್ಧತಿ. ಬಾವಿ ತೋಡಿದವನೇ ಮೊದಲ ನೀರು ಕುಡಿಯಬೇಕು, ಮನೆ ಕಟ್ಟಿದವನೇ ಹೊಸ ಮಾಳಿಗೆಯ ಮೇಲೆ ಮೊದಲು ಕುಣಿಯಬೇಕು. ಕೆಲಸ ಗಟ್ಟಿಯಾಗಿದೆಯೆಂಬುದಕ್ಕೆ ಅದೇ ಆಣೆ. "ಹಚ್ಚಿದಾವ ಮೊದಲು ಏರ್ಬೇಕು" ಎಂದು ಸರ್ ಪಟ್ಟು ಹಿಡಿದರು. "ಪುಸ್ತಕದಾಗ ಬ್ಯಾಡಂತ ಬರದಾರ್ರೀ" ಎಂದು ಯಮನೂರ ಅಂದ. ಅದಕ್ಕೆ ಸಿಕ್ಕ ಉತ್ತರವೇ ಆ ಬೈಗುಳ.

ಅವನು ತಿರುಗಿ ಬೈಯದಿರಲು ಕಾರಣವಿತ್ತು. ಮೂರು ಮನೆಗಳ ಒಡೆಯರು ಹೊಣೆಚೀಟಿಗೆ ಸಹಿ ಹಾಕಿಕೊಟ್ಟರೆ ಕೆಲಸಗಾರನು ತನ್ನದೇ ಹೆಸರಿನಲ್ಲಿ ಪೀಠ ಕೂರಿಸಬಹುದು. ಅಲ್ಲಿಯವರೆಗೆ ಮೇಸ್ತ್ರಿಯ ಹೆಸರಿನಲ್ಲಿ ದುಡಿಯಬೇಕು. ಬೋರ್ಡಿನ ಮೇಲೂ ಮೇಸ್ತ್ರಿಯ ಫೋಟೋ, ಬೆವರು ಮಾತ್ರ ತನ್ನದು. ಯಮನೂರನಿಗೆ ಎರಡು ಸಹಿ ಸಿಕ್ಕಿದ್ದವು. ಮೂರನೆಯದು ಹಂಚಿನಮನಿ ಸರ್ ಅವರದು.

ಪೂಜೆ ಮುಗಿಯಿತು. ಯಮನೂರ ಗೋಡೆಯ ಏಣಿಯಿಂದ ಇಳಿದು, ಶಿರಾ ತಿನ್ನದೆ, ಮನೆಗೆ ಹೋದ. ಸಂಜೆ ಸರ್ ಕ್ಲಾಸಿಗೆ ಹೊರಡಲು ಗುಂಡಿ ಒತ್ತಿದರೆ ಕೆಂಪು ದೀಪ ಹತ್ತಿತು. ಪೀಠ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಫೋನು ಮಾಡಿ ಯಮನೂರನನ್ನು ಕರೆಸಿದರು.

"ನಾ ಮದ್ಲೇ ಹೇಳಿದ್ದೆ. ಅದು ನನ್ನೂ ಕೂಡಿಸಿ ಗುರುತು ಹಿಡದೈತಿ" ಎಂದು ಯಮನೂರ ಏಣಿ ಹತ್ತಿ ಕಾರಿನ ಪಕ್ಕ ನಿಂತ. ಗುಂಡಿ ಒತ್ತಿದ. ಆಗಲೂ ಕೆಂಪು ದೀಪವೇ.

"ಈಗೇನಾತಲೇ? ಗುರುತ ಹಿಡದೈತಿ ಅಂದಿ! ಕೆಲಸ ಬರಂಗಿಲ್ಲಂದ್ರ ಬರಂಗಿಲ್ಲನ್ನಬೇಕು! ದಂಡಪಿಂಡ! ನಿನ್ನಂಥಾವ್ನ ಮನಿಯೊಳಗ ಬಿಟ್ಕೊಂಡ ನನಗ ಬುದ್ಧಿಯಿಲ್ಲ!"

ಯಮನೂರನ ಹಲ್ಲು ಕಟಕಟ ಅಂದವು. ದೀಪ ಹಸಿರಾಯಿತು. ಪೀಠ ಮೆಲ್ಲನೆ ನೆಲಕ್ಕಿಳಿಯಿತು.

ಮರುದಿನ ಡಾ. ಪ್ರಮೋದಿನಿ ಸ್ವತಃ ಧಾರವಾಡದಿಂದ ಬಂದರು; ಯಮನೂರನನ್ನೂ ಕರೆಸಿದ್ದರು. ರಾತ್ರಿ ಸರ್ ಮತ್ತೆ ಮೇಲೇರಿಸಿದ್ದ ಪೀಠದ ಹರಳಿಗೊಂದು ಪರದೆ ಜೋಡಿಸಿ ಅರ್ಧ ಗಂಟೆ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕುಳಿತು ಹೊಟ್ಟೆ ಹಿಡಿದು ನಕ್ಕರು.

"ಸರ, ನಿಮ್ಮ ಪೀಠ ಕಾರು, ಮನಷ್ಯಾನ ಜೋಡಿ ಅವನ ಸಿಟ್ಟನ್ನೂ ಗುರುತಿಟ್ಟೈತ್ರಿ. ಮದ್ಲನೇ ಸಲ ಏರಿದಾಗ ಇವರ ಎದಿ ನಿಮಿಷಕ್ಕ ನೂರಾ ಹದಿನೆಂಟು ಸಲ ಬಡದೈತಿ. ಆ ಬಡಿತ ಇಲ್ಲಂದ್ರ ಅದು ಇಳಿಯಂಗಿಲ್ಲ."

"ಹಂಗಾರ ನಾನ ಸಿಟ್ಟಾಗಿ ನಿಲ್ತೀನ್ರಿ. ನನಗೇನ್ ಸಿಟ್ಟಿಗೆ ಬರಗಾಲಿಲ್ಲ" ಎಂದರು ಸರ್.

"ಅದಕ್ಕ ಮಾತ್ರ ನಾವು ದೃಢೀಕರಣ ಕೊಡ್ತೀವಿ" ಎಂದು ಗಂಗಕ್ಕ ಒಳಗಿನಿಂದ ಹೇಳಿದರು.

"ನಡಿಯಂಗಿಲ್ರಿ" ಎಂದರು ಪ್ರಮೋದಿನಿ. "ಶಾಂತ ಇದ್ದಾಗ ಎಲ್ಲಾರ ಎದೀನೂ ಹೆಚ್ಚುಕಮ್ಮಿ ಒಂದ ಥರ ಬಡಿತೈತಿ. ಸಿಟ್ಟು ಹಂಗಲ್ಲ. ಒಬ್ಬೊಬ್ಬರ ಸಿಟ್ಟಿನ ನಡುಕ ಒಂದೊಂದು ಥರ. ಹೆಬ್ಬಟ್ಟಿದ್ದಂಗ."

ಹರಳಿನ ನೆನಪು ಅಳಿಸಬೇಕೆಂದರೆ ಹರಳನ್ನೇ ಒಡೆಯಬೇಕು. ಆದರೆ ಇನ್ನೊಂದು ದಾರಿಯಿತ್ತು. ಟೈರು ಸವೆಯುತ್ತದೆ, ಕಾರಿನೊಳಗೆ ಸಾಮಾನು ಕೂಡುತ್ತದೆ. ಇಂಥ ಸಣ್ಣ ವ್ಯತ್ಯಾಸವನ್ನು ಪೀಠ ಕ್ಷಮಿಸಿ, ಹೊಸದನ್ನೇ ಗುರುತಾಗಿ ಇಟ್ಟುಕೊಳ್ಳುತ್ತದೆ. ಎದೆಬಡಿತದಲ್ಲಾದರೆ ದಿನಕ್ಕೆ ಎರಡರಷ್ಟು ರಿಯಾಯಿತಿ. ನೂರಾ ಹದಿನೆಂಟರಿಂದ ಎಪ್ಪತ್ತೆಂಟಕ್ಕೆ ಇಳಿಯಲು ಇಪ್ಪತ್ತು ದಿನ. ಆಮೇಲೆ ಯಾರು ನಿಂತರೂ ನಡೆಯುತ್ತದೆ. ಸರ್ ಮತ್ತು ಯಮನೂರನ ತೂಕವೂ ಹೆಚ್ಚುಕಡಿಮೆ ಒಂದೇ ಇತ್ತು.

"ಅಂದ್ರ ದಿನಾ ಸಂಜಿಕ ಇವರು ಬರ್ಬೇಕು, ನೀವು ಬೈಬೇಕು, ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಬೈಬೇಕು" ಎಂದು ಪ್ರಮೋದಿನಿ ಮುಗಿಸಿದರು.

"ನಾ ಒಲ್ಲೆ" ಎಂದ ಯಮನೂರ.

"ಸಹಿ ಬೇಕೋ ಬ್ಯಾಡೋ?" ಎಂದರು ಸರ್.

ಯಮನೂರ ಏಣಿ ಹತ್ತಿ ಕಾರಿನ ಪಕ್ಕ ನಿಂತ. ಅವನ ಎದೆಬಡಿತ ಆ ಕ್ಷಣವೇ ನೂರಾ ಹದಿನಾರಕ್ಕೆ ಬಂತೆಂದು ಪರದೆ ತೋರಿಸಿತು. ಪ್ರಮೋದಿನಿ ಅದನ್ನು ಮೊದಲ ದಿನದ ಲೆಕ್ಕಕ್ಕೆ ಹಿಡಿದು ಪೀಠವನ್ನು ಇಳಿಸಿಬಿಟ್ಟರು, ಪರದೆಯನ್ನು ಅಲ್ಲೇ ಬಿಟ್ಟುಹೋದರು.

ಹೀಗೆ ಹುಬ್ಬಳ್ಳಿಯಲ್ಲಿ ಹೊಸದೊಂದು ಶಾಸ್ತ್ರ ಹುಟ್ಟಿತು. ಮೂವತ್ತು ವರ್ಷ ಮಕ್ಕಳನ್ನು ಬೈದು ಬದುಕಿದ ಹಂಚಿನಮನಿ ಸರ್, ಬೈಗುಳಗಳನ್ನು ತೂಕವಾರು ಪಟ್ಟಿ ಮಾಡಿದರು. ಓದಿನ ಬಗ್ಗೆ ಅಂದರೆ ನೂರಾ ಹದಿನಾಲ್ಕು. ಮುಖದ ಬಗ್ಗೆ ನೂರಾ ಹತ್ತು. ಆರನೆಯ ದಿನ ಲೆಕ್ಕ ತಪ್ಪಿತು. ಸರ್ ಹಗುರವೆಂದು ತಿಳಿದು "ನಿಮ್ಮಪ್ಪನೂ ನಿನ್ನಂಗ ಇರ್ಬೇಕು" ಎಂದರು. ಬಡಿತ ನೂರಾ ಇಪ್ಪತ್ತೊಂದಕ್ಕೆ ಹಾರಿ ಪೀಠ ಅಲ್ಲೇ ನಿಂತಿತು. ಸರ್ ಆ ದಿನ ಕ್ಲಾಸಿಗೆ ಆಟೋದಲ್ಲಿ ಹೋದರು. "ಅಪ್ಪನ ಸುದ್ದಿ ಪಟ್ಟಿಯಿಂದ ತಗೀರಿ" ಎಂದು ಗಂಗಕ್ಕ ಪೆನ್ನು ತಂದು ತಾವೇ ಹೊಡೆದು ಹಾಕಿದರು.

ಹನ್ನೊಂದನೆಯ ದಿನದ ಹೊತ್ತಿಗೆ ತೊಂದರೆ ತಿರುಗುಮುರುಗಾಯಿತು. ಕಡಿಮೆ ಬೈಯುವುದು ಸರ್‌ಗೆ ಗೊತ್ತೇ ಇರಲಿಲ್ಲ.

"ನಿನ್ನ... ನಿನ್ನ ಚಪ್ಪಲಿ ಏನೂ ಚೆಂದಿಲ್ಲ" ಎಂದರು, ಬೆವರು ಒರೆಸಿಕೊಳ್ಳುತ್ತ.

"ತೊಂಬತ್ತೆರಡು. ಇನ್ನೂ ಆರು ಬೇಕ್ರಿ" ಎಂದ ಯಮನೂರ, ಪರದೆ ನೋಡಿ.

"ಅಂಗಿನೂ ಚೆಂದಿಲ್ಲ."

"ತೊಂಬತ್ಮೂರು. ಸರ, ಸ್ವಲ್ಪ ಮನಸಿಟ್ಟು ಬೈರಿ. ನನಗೂ ಕೆಲಸೈತಿ."

"ಶಾಲಿ ಬಿಟ್ಟು ಓಡಿಹೋದಾವ!"

"ಓಡಿಹೋಗಿಲ್ರೀ!" ಎಂದು ಯಮನೂರ ಗುಡುಗಿದ. ತೊಂಬತ್ತೆಂಟು. ಪೀಠ ಇಳಿಯಿತು. ಆದರೆ ಅವನು ಮಾತು ನಿಲ್ಲಿಸಲಿಲ್ಲ. "ಮಾಸ್ತರು ಹಲಗಿ ಮ್ಯಾಲೆ ರಾಟಿ ತಗದಿದ್ರು. ಹಗ್ಗ ಈ ಕಡೆ ಎಳದ್ರ ಭಾರ ಇಳಿತೈತಿ ಅಂದ್ರು. ಇಲ್ರೀ, ಏರ್ತೈತಿ ಅಂದೆ. ಕ್ಲಾಸಿನ ಹೊರಗ ನಿಲ್ಲಿಸಿದ್ರು. ಮರುದಿನಾನೂ ನಿಲ್ಲಿಸಿದ್ರು. ಒಂದೂವರೆ ತಿಂಗಳ ನಿಂತೆ. ಹೊರಗ ನಿಲ್ಲೂದ ಆದ್ರ ಶಾಲ್ಯಾಗ ಯಾಕ ನಿಲ್ಬೇಕಂತ, ಎದುರಿನ ಗ್ಯಾರೇಜಿನ್ಯಾಗ ನಿಂತೆ."

ಶಾಲೆ ಬಿಟ್ಟವನಿಗೆ ಯಾಕೆ ಬಿಟ್ಟೆಯೆಂದು ಊರೆಲ್ಲ ಕೇಳುತ್ತದೆ. ಉತ್ತರ ಕೇಳುವವರೆಗೆ ನಿಲ್ಲುವವರು ಕಡಿಮೆ. ಕಾರಿನ ಕೀಲಿ ಕೈಯಲ್ಲಿ ಹಿಡಿದು ಸರ್ ಆ ದಿನ ಉತ್ತರ ಮುಗಿಯುವವರೆಗೂ ನಿಂತರು. ಕ್ಲಾಸಿಗೆ ಹತ್ತು ನಿಮಿಷ ತಡವಾಯಿತು.

"ಏರ್ತೈತಿ. ಖರೇ ಅದು. ಏರ್ತೈತಿ" ಎಂದಷ್ಟೇ ಹೇಳಿ ಕಾರು ಹತ್ತಿದರು.

ಆಮೇಲಿನ ದಿನಗಳಲ್ಲಿ ಬೈಗುಳ ಸವೆಯುತ್ತ ಬಂತು. ಹದಿನಾಲ್ಕನೆಯ ದಿನ ಗಂಗಕ್ಕ, ಬೈಸಿಕೊಳ್ಳುವ ಮೊದಲು ಹೊಟ್ಟೆ ಖಾಲಿ ಇರಬಾರದೆಂದು ರೊಟ್ಟಿ ಕೊಟ್ಟರು. ಹದಿನೇಳನೆಯ ದಿನ ಸರ್ ಬೈದದ್ದು ಹವಾಮಾನವನ್ನು. ಯಮನೂರ ಹಗುರಪೀಠದ ಮೋಟಾರು ಎಲ್ಲಿ ಬಿಸಿಯಾಗುತ್ತದೆ, ಅದಕ್ಕೆ ಗಾಳಿಗಂಡಿ ಎಲ್ಲಿರಬೇಕಿತ್ತು ಎಂದು ಹೇಳುತ್ತ ಹೋದ. ಸರ್ ಅದನ್ನು ಕಾಗದದ ಮೇಲೆ ಬರೆದುಕೊಂಡು ಪ್ರಮೋದಿನಿಯವರಿಗೆ ಕಳಿಸಿದರು. ಅವರು "ಇದು ನಮಗ ಹೊಳದಿರಲಿಲ್ಲ" ಎಂದು ಉತ್ತರಿಸಿದರು. ಸರ್ ಆ ಉತ್ತರವನ್ನು ಯಮನೂರನಿಗೆ ತೋರಿಸಲಿಲ್ಲ. ತೋರಿಸಿದರೆ ಬಡಿತ ಏರುಪೇರಾದೀತೆಂದು ಗಂಗಕ್ಕ ತಡೆದಿದ್ದರು.

ಕೊನೆಯ ದಿನ ಬಂತು. ಸುದ್ದಿ ಓಣಿಯೆಲ್ಲ ಹಬ್ಬಿತ್ತು. ಗ್ಯಾರೇಜಿನ ಮುಂದೆ ಪೂಜೆಯ ದಿನಕ್ಕಿಂತ ಹೆಚ್ಚು ಜನ. ಪ್ರಮೋದಿನಿ ಪರದೆಯ ಎದುರು ಕುಳಿತಿದ್ದರು. ಈ ದಿನ ಬೈಯುವ ಹಾಗಿಲ್ಲ. ಎಪ್ಪತ್ತೆಂಟು ಬಡಿತ, ಶಾಂತ ಮನಸ್ಸು, ಪೀಠ ನೆಲ ಮುಟ್ಟುವವರೆಗೆ ಅಷ್ಟೇ. ನೆಲ ಮುಟ್ಟಿದರೆ ಪೀಠ ಗುಣವಾದಂತೆ; ಹೊಣೆಚೀಟಿ ಯಮನೂರನ ಕೈಗೆ.

ಯಮನೂರ ಏಣಿ ಹತ್ತಿ ಕಾರಿನ ಪಕ್ಕ ನಿಂತ. ಹಸಿರು ದೀಪ ಹತ್ತಿತು. ಪೀಠ ಇಳಿಯತೊಡಗಿತು.

"ಎಪ್ಪತ್ತೆಂಟು... ಎಪ್ಪತ್ತೆಂಟು..." ಎಂದು ಪ್ರಮೋದಿನಿ ಎಣಿಸಿದರು.

ಪೀಠ ಅರ್ಧಕ್ಕೆ ಬಂದಾಗ ಹಂಚಿನಮನಿ ಸರ್‌ಗೆ ತಡೆಯಲಾಗಲಿಲ್ಲ. ಜೇಬಿನಿಂದ ಹೊಣೆಚೀಟಿ ತೆಗೆದರು. ಸಹಿ ಹಿಂದಿನ ದಿನವೇ ಆಗಿತ್ತು. ಚೀಟಿಯಲ್ಲಿ ಒಡೆಯರ ಅಭಿಪ್ರಾಯಕ್ಕೆಂದು ಎರಡು ಗೆರೆ ಇರುತ್ತವೆ, ಯಾರೂ ತುಂಬುವುದಿಲ್ಲ. ಸರ್ ತುಂಬಿದ್ದರು. ಕ್ಲಾಸಿನಲ್ಲಿ ಪಾಠ ಓದುವ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಓದಿದರು:

"ಈತನು ಮೊದಲನೆಯ ದಿನವೇ ಸರಿಯಾಗಿ ಹೇಳಿದ್ದನು. ನಾನು ಕೇಳಲಿಲ್ಲ. ತಪ್ಪು ನನ್ನದು. ಈತನು ಕೆಲಸ ಬಲ್ಲವನು."

ಯಾರೂ ನಗಲಿಲ್ಲ.

ಪೀಠ ಗಕ್ಕನೆ ನಿಂತಿತು. ಕೆಂಪು ದೀಪ.

"ತೊಂಬತ್ತು" ಎಂದರು ಪ್ರಮೋದಿನಿ. "ನೂರಾ ಹತ್ತು. ಅಯ್ಯ! ನೂರಾ ಮೂವತ್ತೊಂದು!"

"ಮತ್ತ ಸಿಟ್ಟು ಬಂತೇನ್ರಿ?" ಗಂಗಕ್ಕ ಗಾಬರಿಯಾದರು. "ಇವರು ಬೈಲಿಲ್ಲಲ್ಲ!"

ಪ್ರಮೋದಿನಿ ಪರದೆಗೆ ಮೂಗು ತಾಗಿಸಿ ನೋಡಿದರು. "ಸಿಟ್ಟಿನ ಗೆರಿ ಮುಳ್ಳುಮುಳ್ಳು ಇರ್ತೈತ್ರಿ. ಇದು ಹಂಗಿಲ್ಲ. ಇಂಥಾದ್ದು ನಾ ನೋಡೇ ಇಲ್ಲ. ನಮ್ಮ ಪಟ್ಟಿಯೊಳಗ ಇದಕ್ಕ ಹೆಸರ ಇಲ್ಲ."

ಯಮನೂರ ಎದೆಯೆತ್ತರದ ಪೀಠದಿಂದ ಕೆಳಗೆ ಹಾರಿದ. ಹಿಂದೆ ಕಾರು ನಡುಗಾಳಿಯಲ್ಲಿ ಸ್ವಲ್ಪ ತೂಗಾಡಿ ನಿಂತಿತು. ಅವನು ನೇರ ಸರ್ ಎದುರಿಗೆ ಬಂದು, ಅವರ ಕೈಯಿಂದ ಚೀಟಿ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಜನ ದಾರಿ ಬಿಟ್ಟರು.

"ಯಮನೂರಾ" ಎಂದರು ಸರ್, ಅವನ ಹಿಂದೆಯೇ ನಾಲ್ಕು ಹೆಜ್ಜೆ ಬಂದು. "ಯಾಕೋ? ಏನಾತೋ? ಏನ ತಪ್ಪಾತು ನಾ ಅಂದಿದ್ದರಾಗ?"

ಯಮನೂರ ಗೇಟು ತೆರೆದ, ಹೊರಗೆ ಬಂದು ಮತ್ತೆ ಮುಚ್ಚಿದ, ರಸ್ತೆಗಿಳಿದು, ಒಳಜೇಬಿನ ಚೀಟಿಯನ್ನು ಅಂಗೈಯಿಂದ ಎದೆಗೆ ಒತ್ತಿ ಹಿಡಿದು ನಡೆದುಹೋದ.