ಗೋಡೆಗೆ ಬೀಳುವ ಚೆಂಡು

ಅಪ್ಪನ ಕಾಲದ ನಮ್ಮ ಬೀದಿಯ ಫುಟ್‌ಬಾಲ್ ತಂಡಕ್ಕೊಂದು ರೂಢಿಯಿತ್ತಂತೆ. ಭಾನುವಾರ ಮಧ್ಯಾಹ್ನ ಆಟಕ್ಕೆ ಕರೆಯಲು ಯಾರೂ ಕೂಗುತ್ತಿರಲಿಲ್ಲ. ಮನೆಯ ಹೊರಗೋಡೆಗೆ ಮೂರು ಸಲ ಚೆಂಡು ಒದೆಯುತ್ತಿದ್ದರು. ಮೂರನೆಯದಕ್ಕೆ ಆಟಗಾರ ಹೊರಗಿರಬೇಕು. ಆ ಹನ್ನೊಂದು ಜನರಲ್ಲಿ ಈಗ ಉಳಿದಿರುವುದು ಗೋಲ್‌ಕೀಪರ್ ಆಗಿದ್ದ ಅಪ್ಪ ಒಬ್ಬರೇ. ಪಾರ್ಶ್ವವಾಯು ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ.

ಎರಡು ವಾರದ ಹಿಂದೆ ಮೊದಲ ಸದ್ದು ಕೇಳಿತು. ಹೊರಗೆ ಯಾರೂ ಇರಲಿಲ್ಲ. ಬಿಸಿಲಿಗೆ ಕಾದ ಗೋಡೆಯ ಮೇಲೆ ದುಂಡನೆಯ ಕೆಸರಿನ ಗುರುತು, ಮುಟ್ಟಿದರೆ ತಣ್ಣಗಿತ್ತು. ಮರುವಾರ ಎರಡನೆಯದು.

"ಬಂದೆ ಕಣ್ರೋ, ಒಂದ್ನಿಮಿಷ!" ಎಂದು ಅಪ್ಪ ಹುಡುಗನಂತೆ ನಕ್ಕರು.

"ಎಲ್ಲಿಗೂ ಹೋಗ್ಬೇಡಪ್ಪ." ಎದ್ದು ಬಾಗಿಲ ಚಿಲಕ ಹಾಕಿದೆ.

"ಕೀಪರ್ ಇಲ್ದೆ ಹೇಗೆ ಆಡ್ತಾರೆ ಮಗಳೇ? ಸೋತು ಸುಣ್ಣ ಆಗ್ತಾರೆ ಅಷ್ಟೇ."

ನಿನ್ನೆ ಮೂರನೆಯ ಭಾನುವಾರ. ಮಧ್ಯಾಹ್ನವಿಡೀ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಹೊರಗೋಡೆಗೆ ಏನೂ ಬೀಳಲಿಲ್ಲ. ಸದ್ಯ, ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಅಪ್ಪನ ಕೋಣೆಯ ಒಳಗಿನಿಂದ ಅದೇ ಸದ್ದು ಬಂತು.

ಅಪ್ಪ ಉಸಿರಾಡುತ್ತಿದ್ದರು, ಗಾಢ ನಿದ್ದೆ. ಮಂಚದ ಮೇಲ್ಗಡೆ ಗೋಡೆಯಲ್ಲಿ ಹಸಿ ಗುರುತು. ಹೊದಿಕೆ ಸರಿಸಿದರೆ ಎರಡೂ ಅಂಗಾಲಿಗೆ ಕೆಸರು ಮೆತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅಮ್ಮನಿಗೆ ಹೇಳಿಲ್ಲ.

ಇವತ್ತು ಬೆಳಿಗ್ಗೆ ಮತ್ತೆ ಒರೆಸಬೇಕಾಯಿತು.