ಮೇಡಂ ಕೋಳಿಯ ಕೆಂಪು ನೆಲ

ಜಯಾ ತೊಳೆದ ಕೋಳಿಗೂಡಿನ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ, ಆಕಾಶದಲ್ಲಿ ಹೋಗುತ್ತಿದ್ದ ಪೈಲಟ್ ಒಬ್ಬ ಅದನ್ನೇ ರನ್‌ವೇ ಎಂದುಕೊಂಡು ವಿಮಾನವನ್ನು ಗಿರಿನಗರದ ಮೇಲೆ ಮೂರು ಸುತ್ತು ಹೊಡೆಸಿದ. ನಾನೇ ಕಣ್ಣಾರೆ ಕಂಡಿದ್ದೇನೆ. ನನಗೆ ಟಾಟಾ ಕೂಡ ಮಾಡಿದ.

"ಅಜ್ಜಿ, ಇನ್ನೊಂದು ಬಕೆಟ್ ಹಾಕ್ಲಾ?" ಎಂದು ಜಯಾ ಕೂಗಿದಳು. ಯೂನಿಫಾರ್ಮಿನ ಲಂಗವನ್ನು ಎತ್ತಿ ಸಿಕ್ಕಿಸಿಕೊಂಡಿದ್ದಳು. ಕೈಯಲ್ಲಿ ಕಡ್ಡಿಪೊರಕೆ.

"ಸಾಕು ಕಣೇ. ಸ್ಕೂಲಿಗೆ ಟೈಮಾಯ್ತು," ಎಂದರು ಲಕ್ಷ್ಮಮ್ಮಜ್ಜಿ.

ಮೊದಲು ಅವರ ಹಿತ್ತಿಲು ಬರೀ ಮಣ್ಣು. ಹೊಲವೆಲ್ಲ ಲೇಔಟ್ ಆಗಿ, ಹೊಸ ಮನೆ ಎದ್ದಾಗ, ಜಯಾಳ ಅಪ್ಪ ತಿಮ್ಮರಾಯಪ್ಪ ಹಿತ್ತಿಲಿಗೂ ಸಿಮೆಂಟು ಹಾಕಿಸಿದರು. ಮಿಕ್ಕ ರೆಡ್ ಆಕ್ಸೈಡನ್ನು ಕೋಳಿಗೂಡಿನ ನೆಲಕ್ಕೆ ಬಳಿಸಿದರು. "ಇಡೀ ಬನಶಂಕರಿಲಿ ರೆಡ್ ಆಕ್ಸೈಡ್ ಮೇಲೆ ಮಲಗೋ ಕೋಳಿ ನಮ್ದು ಮಾತ್ರ!" ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು.

ಅಂಥ ನೆಲವನ್ನು ತೊಳೆಯದೆ ಬಿಡಲಾದೀತೇ? ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟ ಮೇಲೆ, ಗೂಡಿಗೂ ನೀರು ಹಾಕುವುದು ಜಯಾಳ ಕೆಲಸ.

ಗೂಡಿನಲ್ಲಿ ನಾಲ್ಕು ಕೋಳಿಗಳು. ದೊಡ್ಡದರ ಹೆಸರು ಮೇಡಂ. ಕುತ್ತಿಗೆ ಎತ್ತಿಕೊಂಡು, ಯಾರು ತಪ್ಪು ಮಾಡಿದ್ದಾರೆ ಎಂದು ಹುಡುಕುವವಳಂತೆ ನಡೆಯುತ್ತಿದ್ದಳು. ಆದರೆ ಆ ಸೋಮವಾರ ಮೇಡಂ ಒಂಟಿ ಕಾಲಿನಲ್ಲಿ ನಿಂತಿದ್ದಳು.

ಅಪ್ಪ ಅವಳನ್ನು ಎತ್ತಿ ನೋಡಿದರು. ಅಂಗಾಲು ಊದಿಕೊಂಡು ಕೆಂಪಾಗಿತ್ತು.

"ಭಾನುವಾರ ಹೆಂಗೂ ನಿನ್ನ ಚಿಕ್ಕಪ್ಪ ಸುಬ್ರಹ್ಮಣ್ಯಪುರದಿಂದ ಬರ್ತಾನೆ. ಇದನ್ನ ಸಾರು ಮಾಡ್ಬಿಡೋಣ."

"ಅಪ್ಪಾ! ಮೇಡಂನಾ?"

"ಮೇಡಂ ಆದ್ರೇನು, ಹೆಡ್‌ಮಾಸ್ಟರ್ ಆದ್ರೇನು? ಕುಂಟೋ ಕೋಳಿ ಇಟ್ಕೊಂಡು ಏನ್ ಮಾಡ್ತೀಯ?"

"ಕಾಲು ವಾಸಿ ಆದ್ರೆ?"

"ಆದ್ರೆ ನೋಡೋಣ."

ಅಜ್ಜಿ ಹಿತ್ತಿಲ ಬಾಗಿಲಿಂದಲೇ ಗೊಣಗಿದರು. "ಮಣ್ಣು ಕೆರ್ಕೊಂಡು ಬೆಳ್ದಿದ್ದು. ಕಲ್ಲಿನಂಥ ನೆಲದ ಮೇಲೆ ಬಿಟ್ರೆ ಕಾಲು ಊದ್ದೆ ಇನ್ನೇನು? ಏನಾದ್ರೂ ಹಾಸೇ ಜಯಾ."

"ಅಷ್ಟು ಚೆನ್ನಾಗಿರೋ ನೆಲಾನ ಮುಚ್ತಾರೇನವ್ವಾ?" ಎಂದು ಅಪ್ಪ ಮುಖ ಸಣ್ಣದು ಮಾಡಿಕೊಂಡರು.

ಸಂಜೆ ಜಯಾ ಹಳೇ ಪೇಪರು ಹಾಸಿದಳು. ಮೇಡಂ ಅದರ ಮೇಲೆ ಸರ್ರನೆ ಜಾರಿ ಗೋಡೆಗೆ ಡಿಕ್ಕಿ ಹೊಡೆದಳು. ಉಳಿದ ಮೂರೂ ಕೋಳಿಗಳು ಮೊದಲ ಪುಟದಿಂದ ಕ್ರಿಕೆಟ್ ಪುಟದವರೆಗೆ ಓದಿ ಮುಗಿಸಿ, ಆಮೇಲೆ ಹರಿದು ಹಾಕಿದವು. ಹೌದು, ಓದಿದವು. ಒಂದಕ್ಕೆ ಕನ್ನಡಕವೂ ಇತ್ತು.

ಪೇಪರು ತೆಗೆದು ಗೋಣಿಚೀಲ ಹಾಸಿದಳು. ಮೇಡಂನ ಉಗುರು ನೂಲಿಗೆ ಸಿಕ್ಕಿ, ಬಿಡಿಸುವಷ್ಟರಲ್ಲಿ ಇಬ್ಬರೂ ಕಿರುಚಾಡಿಬಿಟ್ಟರು.

ಮಂಗಳವಾರ ಜಯಾ ಖಾಲಿ ಚೀಲ ಹಿಡಿದು ರಸ್ತೆಯ ಕೊನೆಗೆ ಓಡಿದಳು. ಅಲ್ಲಿ ದೇವದಾಸಣ್ಣ ಬಾಗಿಲು, ಕಿಟಕಿ ಮಾಡುತ್ತಿದ್ದರು. ಅವರ ಕಾಲಡಿ ಮರದ ಹೊಟ್ಟು ಸುರುಳಿಸುರುಳಿಯಾಗಿ ಬಿದ್ದಿತ್ತು.

"ಅಣ್ಣಾ, ಇದು ಸ್ವಲ್ಪ ಕೊಡ್ತೀರಾ?"

"ಒಲೆಗಾ ಪುಟ್ಟಿ?"

"ಇಲ್ಲ, ಕೋಳಿಗೆ."

"ನಿಮ್ಮನೆ ಕೋಳಿ ಮರ ತಿನ್ನುತ್ತಾ?"

"ಅಯ್ಯೋ! ಮಲಗೋಕೆ ಅಣ್ಣಾ!"

ದೇವದಾಸಣ್ಣ ನಕ್ಕು ಚೀಲ ತುಂಬಿಸಿಕೊಟ್ಟರು. ಜಯಾ ಅದನ್ನು ಗೂಡಿನ ತುಂಬ ದಪ್ಪಗೆ ಹರಡಿದಳು. ಮೇಡಂ ಒಮ್ಮೆ ಕುಕ್ಕಿ ನೋಡಿದಳು, ಆಮೇಲೆ ಮೆತ್ತಗೆ ಕೂತಳು.

ಬುಧವಾರ ಬೆಳಗ್ಗೆ ಜಯಾ ರಂಗೋಲಿ ಬಿಟ್ಟಳು. ಎಂದಿನಂತೆ ಗೂಡಿಗೆ ಎರಡು ಬಕೆಟ್ ನೀರು ಹೊಡೆದಳು.

ಹೊಟ್ಟು ರಾಗಿ ಅಂಬಲಿಯಾಯಿತು. ಸಂಜೆಯ ಹೊತ್ತಿಗೆ ಎಂಥ ನಾತವೆಂದರೆ, ಜೆ.ಪಿ. ನಗರದಿಂದ ಬರುತ್ತಿದ್ದ ಬಸ್ಸು ಮೂಗು ಮುಚ್ಚಿಕೊಂಡು ಹಿಂದಕ್ಕೆ ತಿರುಗಿತು.

ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಉಮಾಮಹೇಶ್ವರಿ ಆಂಟಿ ಹಿತ್ತಿಲಿಗೇ ಬಂದರು. "ತಿಮ್ಮರಾಯಪ್ಪನವ್ರೇ, ನಾವಿನ್ನು ಕಿಟಕಿ ತೆಗೆಯೋ ಹಾಗೇ ಇಲ್ವಾ?"

ಅಪ್ಪ ಜಯಾಳ ಕಡೆ ತಿರುಗಿದರು. "ನೋಡ್ದ್ಯಾ? ಭಾನುವಾರ ಇದಕ್ಕೊಂದು ಗತಿ ಕಾಣಿಸ್ತೀನಿ."

ಜಯಾ ಒದ್ದೆ ಹೊಟ್ಟನ್ನೆಲ್ಲ ಬಾಚಿ ತೆಗೆದಳು. ನೆಲ ಒರೆಸಿ, ದೇವದಾಸಣ್ಣನ ಹತ್ತಿರ ಮತ್ತೊಂದು ಚೀಲ ಹೊಟ್ಟು ತಂದು ಹರಡಿದಳು. 'ಸರಿಯಾಗಿ ತೊಳೆದಿರಲಿಲ್ಲ, ಅದಕ್ಕೇ ವಾಸನೆ. ನಾಳೆ ಮೂರು ಬಕೆಟ್ ಹಾಕ್ಬೇಕು' ಎಂದುಕೊಂಡಳು.

ಗುರುವಾರ ನಲ್ಲಿ ತಿರುಗಿಸಿದರೆ ಸುಯ್ ಎಂದು ಗಾಳಿ ಬಂತು, ಅಷ್ಟೇ.

"ಅಡುಗೆಗೇ ನೀರಿಲ್ಲ. ನಿನ್ನ ಕೋಳಿಗೆ ಎಲ್ಲಿಂದ ತರ್ಲಿ? ನಡಿ ಸ್ಕೂಲಿಗೆ," ಎಂದರು ಅಜ್ಜಿ.

ಆ ದಿನವಿಡೀ ಜಯಾಳಿಗೆ ಪಾಠ ತಲೆಗೆ ಹತ್ತಲಿಲ್ಲ. ತೊಳೆಯದ ಗೂಡು, ಕಿಟಕಿಯ ಹಿಂದೆ ಆಂಟಿ, ಪಾತ್ರೆಯಲ್ಲಿ ಮೇಡಂ, ಇವೇ ಕಣ್ಣಿಗೆ ಕಟ್ಟಿದವು. ಬೆಲ್ ಹೊಡೆದ ಕೂಡಲೇ ಓಡಿ ಬಂದು ಗೂಡಿನ ಜಾಲರಿಗೆ ಮೂಗು ಒತ್ತಿದಳು.

ಮರದ ವಾಸನೆ ಬಂತು. ಜತೆಗೆ ಒಂದಿಷ್ಟು ಕೋಳಿಯ ವಾಸನೆ.

ಹಿಕ್ಕೆಯೆಲ್ಲ ಒಣಗಿ ಹೊಟ್ಟಿನಲ್ಲಿ ಸೇರಿಹೋಗಿತ್ತು. ಕೋಳಿಗಳು ಇಡೀ ನೆಲವನ್ನು ಕೆರೆದು ಕೆರೆದು ಮೇಲೆ ಕೆಳಗೆ ಮಾಡಿದ್ದವು.

"ಅಜ್ಜೀ, ಇದನ್ನ ಯಾರು ಕ್ಲೀನ್ ಮಾಡಿದ್ದು?"

"ಯಾರು ಮಾಡ್ತಾರೆ? ನೀರೇ ಇಲ್ಲ."

ಜಯಾ ಹೊಟ್ಟಿನೊಳಗೆ ಬೆರಳು ತೂರಿಸಿದಳು. ತಳದವರೆಗೂ ಒಣಗಿತ್ತು. ಬೆರಳನ್ನು ಮೂಸಿ, ನಲ್ಲಿಯ ಕೆಳಗಿದ್ದ ಖಾಲಿ ಬಕೆಟ್ ಕಡೆ ನೋಡಿದಳು.

ಶನಿವಾರ ನಲ್ಲಿಯಲ್ಲಿ ನೀರು ಭೋರೆಂದು ಬಂತು. ಜಯಾ ಬಕೆಟ್ ತುಂಬಿಸಿ ಗೂಡಿನ ಬಾಗಿಲವರೆಗೆ ಹೋದಳು. ನಿಂತಳು. ಆಮೇಲೆ ನೀರನ್ನು ತೆಂಗಿನ ಬುಡಕ್ಕೆ ಸುರಿದಳು. ಕೋಳಿಗಳು ನೀರು ಕುಡಿಯುವ ಬಟ್ಟಲ ಸುತ್ತ ಒದ್ದೆಯಾದ ಹೊಟ್ಟನ್ನು ಮಾತ್ರ ತೆಗೆದು, ಒಣಗಿದ್ದು ಹಾಕಿದಳು.

ಭಾನುವಾರ ಚಿಕ್ಕಪ್ಪ ಸ್ಕೂಟರಿನಲ್ಲಿ ಬಂದರು. ಮೇಡಂ ಅವರನ್ನು ಕಂಡದ್ದೇ ಗೂಡಿನಿಂದ ಹಾರಿ, ಸ್ಕೂಟರಿಗೆ ರೇಸು ಕೊಟ್ಟು, ಜಯನಗರ ಫೋರ್ತ್ ಬ್ಲಾಕ್ ಮುಟ್ಟಿ, ಕಾಂಪ್ಲೆಕ್ಸಿನಲ್ಲಿ ಬನ್ನು ತಿಂದು...

ಏನು? ಯಾಕೆ ಹಾಗೆ ನೋಡುತ್ತೀರಿ? ಊದಿದ ಕಾಲು ಅಷ್ಟು ಬೇಗ ಹೇಗೆ ಓಡುತ್ತದೆ ಎಂದೇ?

ಸರಿ, ಸಿಕ್ಕಿಬಿದ್ದೆ. ಮೇಡಂ ಓಡಲಿಲ್ಲ. ನಿಜ ಹೇಳುತ್ತೇನೆ, ಆವತ್ತೂ ಕುಂಟುತ್ತಲೇ ಇದ್ದಳು.

ಅಪ್ಪ ಅವಳನ್ನು ಹಿಡಿಯಲು ಬುಟ್ಟಿ ತಂದಿದ್ದರು. ಜಯಾ ಬಾಗಿಲ ಪಕ್ಕ ನಿಂತಿದ್ದಳು. ಮೇಡಂ ನೋವಿನ ಕಾಲನ್ನು ಮೆಲ್ಲಗೆ ಹೊಟ್ಟಿನ ಮೇಲೆ ಇಟ್ಟಳು. ಎತ್ತಿದಳು. ಮತ್ತೆ ಇಟ್ಟಳು. ಆಮೇಲೆ ಅದೇ ಕಾಲಿನಿಂದ ಒಂದು ಸಲ, ಒಂದೇ ಸಲ, ಪರಕ್ಕನೆ ಕೆರೆದಳು.

ಅಪ್ಪ ಒಂದು ಹಿಡಿ ಹೊಟ್ಟು ತೆಗೆದು ಉಜ್ಜಿ ಮೂಸಿ ನೋಡಿದರು.

"ಒಣಗೇ ಇದ್ಯಲ್ಲ," ಎಂದರು. "ನನ್ನ ನೆಲ ಕಾಣ್ಸಲ್ಲ, ಅಷ್ಟೆ."

ಬುಟ್ಟಿಯನ್ನು ಗೋಡೆಗೆ ಒರಗಿಸಿ ಒಳಗೆ ಕೂಗಿದರು: "ಅವ್ವಾ, ಇವತ್ತು ಹುರುಳಿಕಾಳು ಬಸ್ಸಾರು ಮಾಡು. ಈ ಕೋಳಿ ವಿಷ್ಯ ಆಮೇಲೆ ನೋಡೋಣ."

ಚಿಕ್ಕಪ್ಪನ ಮುಖ ಬಾಡಿತು. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ.

ಜಯಾ ಗೂಡಿನ ಮುಂದೆ ಕೂತಳು. ಬರಿಗಾಲಿಗೆ ಸಿಮೆಂಟು ತಣ್ಣಗೆ ಕೊರೆಯಿತು. ಅವಳು ಪಾದಗಳನ್ನು ಬಾಗಿಲಿನೊಳಗೆ ಚಾಚಿ, ಮೇಡಂನ ಪಕ್ಕ, ಒಣಹೊಟ್ಟಿನ ಮೇಲೆ ಇಟ್ಟುಕೊಂಡಳು.